ಹಿಂದೆ ಬೀಳುವ ಭಯ: ಹಳೆಯ ಬೆಂಗಳೂರಿನ ಬಡಾವಣೆಗಳಲ್ಲಿ ಮಕ್ಕಳ ಪಾಲನೆ

ಕರ್ನಾಟಕದ ಮಕ್ಕಳು ಹತ್ತನೆಯ ತರಗತಿಯಲ್ಲಿ ಪಡೆಯುವ ಅಂಕಗಳನ್ನು ದಾಖಲಿಸುವ ಪರೀಕ್ಷಾ ಮಂಡಳಿ ಮಲ್ಲೇಶ್ವರದ ಆರನೆಯ ಅಡ್ಡರಸ್ತೆಯಲ್ಲಿದೆ. ಪದವಿಪೂರ್ವ ಶಿಕ್ಷಣ ಇಲಾಖೆಯೂ, ವೃತ್ತಿಶಿಕ್ಷಣದ ಸೀಟುಗಳನ್ನು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರವೂ ಅದೇ ಬಡಾವಣೆಯ ಸಂಪಿಗೆ ರಸ್ತೆಯಲ್ಲಿ, ಹದಿನೆಂಟನೆಯ ಅಡ್ಡರಸ್ತೆಯ ಬಳಿ ಇವೆ. ಸೀಟು ಹಂಚಿಕೆಯ ಬಹುಪಾಲು ಕೆಲಸ ಇಂದು ಕಂಪ್ಯೂಟರಿನ ಮೂಲಕವೇ ನಡೆಯುತ್ತಿದ್ದರೂ, ಫಲಿತಾಂಶದ ಕಾಲದಲ್ಲಿ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ವ್ಯಾಸಂಗ ಪ್ರಮಾಣಪತ್ರಗಳ ಫೈಲನ್ನು ಕೈಯಲ್ಲಿ ಹಿಡಿದು ದೂರದ ಜಿಲ್ಲೆಗಳಿಂದ ಬರುವ ತಂದೆತಾಯಿಗಳನ್ನು ಈ ರಸ್ತೆಗಳಲ್ಲಿ ಇಂದಿಗೂ ಕಾಣಬಹುದು. ಆ ಮುಖಗಳಲ್ಲಿ ಎದ್ದು ಕಾಣುವ ಕಳವಳ ಮಗುವಿಗೆ ಹದಿನೆಂಟು ತುಂಬಿದಾಗ ಹುಟ್ಟಿದ್ದಲ್ಲ. ಅದರ ಮೊದಲ ಮೊಳಕೆ ಮಗುವಿಗೆ ಎರಡೂವರೆ ವರ್ಷವಾದಾಗ, ಕೆಲವೊಮ್ಮೆ ಅದಕ್ಕೂ ಮೊದಲೇ, ಮನೆಯೊಳಗೆ ಕಾಣಿಸಿಕೊಂಡಿರುತ್ತದೆ.

ಮಗು ಉಣ್ಣಲಿಲ್ಲ, ಜ್ವರ ಬಂತು, ರಾತ್ರಿ ನಿದ್ದೆ ಮಾಡಲಿಲ್ಲ ಎಂಬ ಚಿಂತೆ ಎಲ್ಲ ಕಾಲದ ತಾಯ್ತಂದೆಗಳಿಗೂ ಇದ್ದದ್ದೇ. ಸಮಾಜಶಾಸ್ತ್ರಜ್ಞರು ಪಾಲಕರ ಆತಂಕ ಎಂದು ಕರೆಯುವ ಸ್ಥಿತಿ ಇದಕ್ಕಿಂತ ಬೇರೆಯದು: ಎದುರಿಗಿರುವ ಮಗು ಆರೋಗ್ಯವಾಗಿ ಆಡಿಕೊಂಡಿರುವಾಗಲೂ, ಹದಿನೈದು ವರ್ಷಗಳ ನಂತರದ ಒಂದು ಸ್ಪರ್ಧೆಯಲ್ಲಿ ಅದು ಹಿಂದೆ ಬೀಳಬಹುದೆಂದು ಇಂದೇ ಹೆದರುವುದು, ಆ ಹೆದರಿಕೆಯನ್ನು ಕಳೆದುಕೊಳ್ಳಲು ಏನನ್ನಾದರೂ ಮಾಡಲೇಬೇಕೆಂದು, ಎಂದರೆ ಬಹುಮಟ್ಟಿಗೆ ಏನನ್ನಾದರೂ ಕೊಳ್ಳಲೇಬೇಕೆಂದು ಅನ್ನಿಸುವುದು. ಅಮೆರಿಕದ ಸಮಾಜಶಾಸ್ತ್ರಜ್ಞೆ ಶಾರನ್ ಹೇಸ್ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂತಹ ಪಾಲನೆಗೆ ‘ತೀವ್ರ ತಾಯ್ತನ’ ಎಂಬರ್ಥದ ಹೆಸರನ್ನಿಟ್ಟರು. ತಜ್ಞರ ಮಾತನ್ನು ಅನುಸರಿಸಿ, ಇಡೀ ಮನಸ್ಸನ್ನು ತೊಡಗಿಸಿ, ಕೈ ಮೀರಿ ಖರ್ಚು ಮಾಡಿ ಬೆಳೆಸಿದರೆ ಮಾತ್ರ ಮಗುವಿಗೆ ನ್ಯಾಯ ಒದಗಿಸಿದಂತೆ ಎಂದು ತಾಯಿಯನ್ನು ನಂಬಿಸುವ ಪದ್ಧತಿಯೆಂದು ಅದನ್ನು ವಿವರಿಸಿದರು.

ಈ ಪದ್ಧತಿಯ ತುತ್ತತುದಿಯನ್ನು ನೋಡಬೇಕಾದರೆ ದಕ್ಷಿಣ ಕೊರಿಯದತ್ತ ತಿರುಗಬೇಕು. ಶಾಲೆಯ ಹೊರಗೆ ಹಣ ತೆತ್ತು ಪಾಠ ಕಲಿಯುವ ಕೇಂದ್ರಕ್ಕೆ ಅಲ್ಲಿ ‘ಹಾಗ್ವೊನ್’ ಎಂದು ಹೆಸರು. ನವೆಂಬರ್ ತಿಂಗಳಲ್ಲಿ ನಡೆಯುವ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಯ ದಿನ, ಇಂಗ್ಲಿಷ್ ಆಲಿಸುವ ಪರೀಕ್ಷೆಗೆ ಅಡ್ಡಿಯಾಗಬಾರದೆಂದು ದೇಶಾದ್ಯಂತ ವಿಮಾನಗಳ ಏರಿಳಿತವನ್ನು ನಿಲ್ಲಿಸಲಾಗುತ್ತದೆ. ಅಲ್ಲಿನ ಸರ್ಕಾರದ ಲೆಕ್ಕದಂತೆ 2024ರಲ್ಲಿ ಶಾಲಾಮಕ್ಕಳ ಪೈಕಿ ಶೇಕಡ 80ರಷ್ಟು ಮಂದಿ ಖಾಸಗಿ ಪಾಠಕ್ಕೆ ಹೋಗುತ್ತಿದ್ದರು ಮತ್ತು ಅದಕ್ಕಾಗಿ ಕುಟುಂಬಗಳು ಒಟ್ಟು 29.2 ಲಕ್ಷ ಕೋಟಿ ವೊನ್ ವೆಚ್ಚ ಮಾಡಿದ್ದವು. ಹೆಸರಾಂತ ಪಾಠಕೇಂದ್ರಗಳಿಗೆ ಸೇರಲು ಪುಟ್ಟ ಮಕ್ಕಳು ಬರೆಯಬೇಕಾದ ಪ್ರವೇಶ ಪರೀಕ್ಷೆಗಳನ್ನು ಜನ ‘ನಾಲ್ಕು ವರ್ಷದ ಪರೀಕ್ಷೆ’, ‘ಏಳು ವರ್ಷದ ಪರೀಕ್ಷೆ’ ಎಂದು ಕರೆಯತೊಡಗಿದ್ದಾರೆ. 2023ರಲ್ಲಿ ಆ ದೇಶದ ಒಟ್ಟು ಫಲವತ್ತತೆಯ ದರ, ಎಂದರೆ ಒಬ್ಬ ಮಹಿಳೆ ತನ್ನ ಜೀವಿತಾವಧಿಯಲ್ಲಿ ಹೆರಬಹುದಾದ ಮಕ್ಕಳ ಸರಾಸರಿ, 0.72ಕ್ಕೆ ಇಳಿಯಿತು, ಮಗುವನ್ನು ‘ಸರಿಯಾಗಿ’ ಬೆಳೆಸುವ ವೆಚ್ಚಕ್ಕೆ ಹೆದರಿ ಮಗುವೇ ಬೇಡವೆನ್ನುವವರು ಅಲ್ಲಿ ಕಡಿಮೆಯಿಲ್ಲ. ಈ ಚಿತ್ರವನ್ನು ದೂರದ ವಿಚಿತ್ರವೆಂದು ತಳ್ಳಿಹಾಕುವ ಮೊದಲು ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಮನೆಗಳಲ್ಲಿ ನಡೆಯುತ್ತಿರುವುದನ್ನು ನಿಧಾನವಾಗಿ ನೋಡುವುದು ಅಗತ್ಯ.

ಈ ಬಡಾವಣೆಗಳು ಹುಟ್ಟಿದ್ದೇ ವಿದ್ಯೆಯನ್ನು ನಂಬಿ ಬದುಕುವ ಜನರಿಗಾಗಿ ಎಂದರೆ ಅತಿಶಯೋಕ್ತಿಯಾಗದು. 1892ರಲ್ಲಿ ಚಾಮರಾಜಪೇಟೆ ರೂಪುಗೊಂಡಿತು. 1898ರ ಪ್ಲೇಗಿನ ಬಳಿಕ ಇಕ್ಕಟ್ಟಾದ ಪೇಟೆಯನ್ನು ಬಿಟ್ಟು ಬಸವನಗುಡಿ, ಮಲ್ಲೇಶ್ವರಗಳತ್ತ ಬಂದವರಲ್ಲಿ ಸಂಸ್ಥಾನದ ಗುಮಾಸ್ತರು, ಉಪಾಧ್ಯಾಯರು, ವಕೀಲರು, ಅಮಲ್ದಾರರು ಹೆಚ್ಚಿನ ಸಂಖ್ಯೆಯಲ್ಲಿದ್ದರು. ಹಳ್ಳಿಯ ಜಮೀನಿನ ಆಸರೆ ದೂರವಾದ ಈ ಕುಟುಂಬಗಳಿಗೆ ಮಗನ ಪರೀಕ್ಷೆಯೇ ಆಸ್ತಿಯಾಗಿತ್ತು. ಸುಮಾರು ನೂರು ವರ್ಷಗಳ ಹಿಂದೆಯೇ ಟಿ. ಪಿ. ಕೈಲಾಸಂ ‘ಟೊಳ್ಳು ಗಟ್ಟಿ’ ನಾಟಕದಲ್ಲಿ ಪುಸ್ತಕಕ್ಕೆ ಅಂಟಿಕೊಂಡು ಪರೀಕ್ಷೆ ಗೆಲ್ಲುವ ಮಗನನ್ನೂ, ಪರೀಕ್ಷೆಯಲ್ಲಿ ಸೋಲುವ ಆದರೆ ಮನುಷ್ಯತ್ವದಲ್ಲಿ ಗೆಲ್ಲುವ ಮಗನನ್ನೂ ಅಕ್ಕಪಕ್ಕದಲ್ಲಿ ನಿಲ್ಲಿಸಿ, ತಂದೆಯ ಲೆಕ್ಕಾಚಾರ ಎಲ್ಲಿ ತಪ್ಪಿತೆಂಬುದನ್ನು ತೋರಿಸಿಕೊಟ್ಟರು. ಆದ್ದರಿಂದ ಅಂಕಗಳ ಹಂಬಲ ಈ ನೆಲಕ್ಕೆ ಹೊಸದಲ್ಲ, ಸಾಫ್ಟ್‌ವೇರ್ ಕಾಲದ ಕೊಡುಗೆಯೂ ಅಲ್ಲ.

ಹೊಸದೇನೆಂಬುದು ತಿಳಿಯಬೇಕಾದರೆ, ಆ ಹಂಬಲದ ಜೊತೆಜೊತೆಗೇ ಈ ಬಡಾವಣೆಗಳಲ್ಲಿ ಇದ್ದು ಇಂದು ಸೊರಗಿಹೋಗಿರುವ ಒಂದು ಏರ್ಪಾಡನ್ನು ನೆನೆಯಬೇಕು. 1913ರಲ್ಲಿ ಬಸವನಗುಡಿಯಲ್ಲಿ ಮಹಿಳಾ ಸೇವಾ ಸಮಾಜ ಹುಟ್ಟಿತು. 1917ರಲ್ಲಿ ಆ್ಯನಿ ಬೆಸೆಂಟರ ಪ್ರೇರಣೆಯಿಂದ ನ್ಯಾಷನಲ್ ಹೈಸ್ಕೂಲು ಆರಂಭವಾಯಿತು. ನಾಲ್ಕು ದಶಕಗಳ ಕಾಲ ‘ಸರಸ್ವತಿ’ ಮಾಸಪತ್ರಿಕೆಯನ್ನು ನಡೆಸಿದ ಆರ್. ಕಲ್ಯಾಣಮ್ಮನವರು 1938ರಲ್ಲಿ ಮಕ್ಕಳಿಗೆಂದೇ ಕಟ್ಟಿದ ಮಕ್ಕಳ ಕೂಟ ಚಾಮರಾಜಪೇಟೆಯ ಗುರುತಾಗಿ, ಅಲ್ಲಿನ ವೃತ್ತಕ್ಕೇ ತನ್ನ ಹೆಸರನ್ನು ಕೊಟ್ಟಿತು. ಮಗು ಹಾಡುವುದು, ನಾಟಕವಾಡುವುದು, ಓರಗೆಯವರೊಡನೆ ಬೆರೆಯುವುದು ಆ ಮಗುವಿನ ಮನೆಯ ಸ್ವಂತ ವೆಚ್ಚದ ಬಾಬ್ತಾಗಿರದೆ ಇಡೀ ಕೇರಿಯ ಹೊಣೆಯಾಗಿರಬೇಕೆಂಬ ಕಲ್ಪನೆ ಇಂತಹ ಸಂಸ್ಥೆಗಳ ಹಿಂದಿತ್ತು. ವಾರಾನ್ನ ಎಂಬ ಪದ್ಧತಿ ಇದಕ್ಕಿಂತಲೂ ಆಳವಾದುದು: ಊರಿನಿಂದ ಓದಲು ಬಂದ ಬಡ ಹುಡುಗನೊಬ್ಬ ಸೋಮವಾರ ಒಂದು ಮನೆಯಲ್ಲಿ, ಮಂಗಳವಾರ ಇನ್ನೊಂದು ಮನೆಯಲ್ಲಿ ಹೀಗೆ ವಾರವಿಡೀ ಏಳು ಮನೆಗಳಲ್ಲಿ ಉಂಡು ಶಾಲೆ ಮುಗಿಸುತ್ತಿದ್ದ, ತಮ್ಮ ಮಗನಿಗೇ ಪ್ರತಿಸ್ಪರ್ಧಿಯಾಗಬಹುದಾದ ಹುಡುಗನಿಗೆ ತಾಯಂದಿರು ಎಲೆ ಹಾಕಿ ಬಡಿಸುತ್ತಿದ್ದರು. ವಾರಾನ್ನ ಬಹುಮಟ್ಟಿಗೆ ಜಾತಿಯ ಗೆರೆಯೊಳಗೇ ಉಳಿದಿತ್ತೆಂಬುದನ್ನು ಮುಚ್ಚಿಡಬಾರದು. ಆ ಗೆರೆಯ ಹೊರಗೆ ಉಳಿದವರು 1906ರಲ್ಲಿ ಸ್ಥಾಪನೆಯಾದ ಒಕ್ಕಲಿಗರ ಸಂಘದಂತಹ ಸಂಸ್ಥೆಗಳನ್ನು ಕಟ್ಟಿ, ತಮ್ಮವರ ಮಕ್ಕಳಿಗಾಗಿ ವಿದ್ಯಾರ್ಥಿನಿಲಯಗಳನ್ನು ತೆರೆಯಬೇಕಾಯಿತು. ಹಾಗಿದ್ದರೂ ಪರರ ಮಗುವಿನ ಓದೂ ತಮ್ಮ ಹೊಣೆಯೇ ಎಂಬ ಭಾವನೆ ಎರಡು ಕಡೆಯೂ ಇತ್ತು. ಇಂದು ಅದೇ ಬೀದಿಗಳ ಮನೆಗಳು ತಮ್ಮ ಒಂದು ಮಗುವಿಗಾಗಿ ಮಾಡುವ ವೆಚ್ಚ ಅಂದಿನವರು ಊಹಿಸಲಾರದಷ್ಟು ದೊಡ್ಡದು; ಪಕ್ಕದ ಮಗುವಿಗಾಗಿ ಮಾಡುವುದು ಹೆಚ್ಚುಕಡಿಮೆ ಏನೂ ಇಲ್ಲ. ಬದಲಾವಣೆಯ ತಿರುಳು ಇಲ್ಲಿದೆ.

ಈ ಬದಲಾವಣೆ ಶಾಲೆಗಿಂತ ಮೊದಲು ಅಡುಗೆಮನೆಯಲ್ಲಿ ಕಾಣಿಸಿಕೊಂಡಿತು. ಬಾಣಂತನಕ್ಕೆ ತವರಿಗೆ ಬಂದ ಮಗಳ ಮಗುವಿಗೆ ಆರು ತಿಂಗಳು ತುಂಬುವ ಹೊತ್ತಿಗೆ ಅಜ್ಜಿಯರು ರಾಗಿ ಸರಿಗೆ ಸಿದ್ಧತೆ ನಡೆಸುತ್ತಿದ್ದರು: ರಾಗಿಯನ್ನು ಕಲ್ಲು ಹೋಗುವಂತೆ ಜಾಲಿಸಿ, ಒಂದು ರಾತ್ರಿ ನೆನೆಹಾಕಿ, ನೀರು ಬಸಿದು, ತೇವದ ಬಟ್ಟೆಯಲ್ಲಿ ಕಟ್ಟಿಟ್ಟು ಮೊಳಕೆ ಬರಿಸಿ, ನೆರಳಿನಲ್ಲಿ ಆರಿಸಿ, ಹದವಾಗಿ ಹುರಿದು, ಬೀಸಿ, ತೆಳುವಾದ ಪಂಚೆಯ ಬಟ್ಟೆಯಲ್ಲಿ ಜರಡಿ ಹಿಡಿದು ತೆಗೆದ ನುಣುಪಾದ ಹಿಟ್ಟನ್ನು ಡಬ್ಬಿಯಲ್ಲಿ ತುಂಬಿಡುತ್ತಿದ್ದರು. ಮೊಳಕೆ ಬರಿಸಿದಾಗ ಧಾನ್ಯದಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವಗಳು ಹೆಚ್ಚುತ್ತವೆ. ಅದರಿಂದ ಹೆಚ್ಚು ಹಿಟ್ಟು ಹಾಕಿದರೂ ಸರಿ ಗಟ್ಟಿಯಾಗದೆ ಮಗುವಿಗೆ ನುಂಗಲು ಸುಲಭವಾಗುತ್ತದೆ ಎಂದು ಪೋಷಣಾಶಾಸ್ತ್ರ ಹೇಳುತ್ತದೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಕ್ಕಿ ಸುಣ್ಣದ ಅಂಶವಿದೆ. ಹೀಗೆ ಕಾಸಿಗೆ ದಕ್ಕುತ್ತಿದ್ದ ಆಹಾರವನ್ನು ಬಿಟ್ಟು ಬಣ್ಣದ ಡಬ್ಬಿಯ ಹಿಟ್ಟಿಗೆ ತಾಯಂದಿರು ಒಲಿದದ್ದು ಸೋಮಾರಿತನದಿಂದಲ್ಲ. ಮನೆಯಲ್ಲಿ ಮಾಡಿದ್ದು ‘ಸಾಲದೇನೋ’ ಎಂಬ ಅನುಮಾನವನ್ನು ಜಾಹೀರಾತುಗಳು ದಶಕಗಳ ಕಾಲ ಬಿತ್ತಿದವು. ಈ ಅನುಮಾನದ ವ್ಯಾಪಾರ ಎಷ್ಟು ಅಪಾಯಕಾರಿಯಾಗಿತ್ತೆಂದರೆ, ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಎದೆಹಾಲಿಗೆ ಬದಲಾಗಿ ಮಾರುವ ಪದಾರ್ಥಗಳ ಬಗ್ಗೆ ಅಂತರರಾಷ್ಟ್ರೀಯ ಸಂಹಿತೆಯನ್ನೇ ರೂಪಿಸಬೇಕಾಯಿತು, ಮತ್ತು ಭಾರತ 1992ರಲ್ಲಿ ಕಾಯ್ದೆ ತಂದು, 2003ರಲ್ಲಿ ಅದನ್ನು ಬಿಗಿಗೊಳಿಸಿ, ಎರಡು ವರ್ಷದೊಳಗಿನ ಮಕ್ಕಳ ಇಂತಹ ಆಹಾರದ ಜಾಹೀರಾತನ್ನು ನಿಷೇಧಿಸಿತು. ಎರಡು ವರ್ಷ ದಾಟಿದ ಮೇಲೆ ಬರುವ, ಹಾಲಿಗೆ ಬೆರೆಸುವ ಪುಡಿಗಳ ಕಥೆಯೂ ಹೀಗೆಯೇ. ಎತ್ತರ, ಬಲ, ಬುದ್ಧಿಗಳ ಭರವಸೆ ಕೊಟ್ಟು ಮಾರಾಟವಾದ ಇಂತಹ ಪೇಯಗಳನ್ನು ‘ಹೆಲ್ತ್ ಡ್ರಿಂಕ್’ ಎಂಬ ವರ್ಗದಿಂದ ತೆಗೆದುಹಾಕುವಂತೆ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಮಾರಾಟ ಸಂಸ್ಥೆಗಳಿಗೆ ಸೂಚಿಸಿದ್ದು 2024ರ ಏಪ್ರಿಲಿನಲ್ಲಿ. ದೇಶದ ಆಹಾರ ಸುರಕ್ಷತಾ ಕಾನೂನಿನಲ್ಲಿ ಅಂತಹದೊಂದು ವರ್ಗವೇ ಇಲ್ಲವೆಂಬುದು ಅದಕ್ಕೆ ಕಾರಣವಾಗಿತ್ತು. ಇಲ್ಲದ ವರ್ಗವೊಂದನ್ನು ನಂಬಿ ಎರಡು ಮೂರು ತಲೆಮಾರಿನ ತಾಯಂದಿರು ಮನೆಖರ್ಚಿನಲ್ಲಿ ಉಳಿಸಿದ ಹಣವನ್ನು ಸುರಿದಿದ್ದರು.

ಹಾಗೆಂದು ಹಳೆಯ ಬಾಣಂತನವೆಲ್ಲ ಹೊನ್ನಾಗಿತ್ತೆಂದು ಹೇಳಲಾಗದು. ಬಾಣಂತಿಗೆ ನೀರು ಕೊಡದೆ ಇರಿಸುವುದು, ಹಸುಗೂಸಿನ ಹೊಟ್ಟೆಗೆ ಬರೆ ಹಾಕುವುದು, ಜ್ವರಕ್ಕೆ ದೃಷ್ಟಿ ತೆಗೆದು ಸುಮ್ಮನಾಗುವುದು ಎಷ್ಟೋ ಜೀವಗಳನ್ನು ತೆಗೆದುಕೊಂಡವು. 1935ರಲ್ಲಿ ತೆರೆದ ವಾಣಿವಿಲಾಸ ಆಸ್ಪತ್ರೆ, ಅದರ ನಂತರ ಬಂದ ಲಸಿಕೆಗಳು, ಮಕ್ಕಳ ವೈದ್ಯರು ಈ ನಗರದ ತಾಯಂದಿರಿಗೆ ಕೊಟ್ಟ ನೆಮ್ಮದಿಯನ್ನು ಯಾವ ಅಜ್ಜಿಯ ಮದ್ದಿನ ಗಂಟೂ ಕೊಡಲಾರದಾಗಿತ್ತು. ವಿಜ್ಞಾನದ ಮೇಲಿನ ನ್ಯಾಯವಾದ ಈ ವಿಶ್ವಾಸವನ್ನೇ ಮಾರುಕಟ್ಟೆ ಎರವಲು ಪಡೆದು, ಬಿಳಿ ಕೋಟು ತೊಟ್ಟ ರೂಪದರ್ಶಿಯ ಬಾಯಿಂದ ಪುಡಿಯನ್ನು ಮಾರಿಸಿದ್ದು ಖಂಡನೀಯ.

ಶಾಲೆಗೆ ಬಂದರೆ ವಿಷಯ ಇನ್ನೂ ಜಟಿಲವಾಗುತ್ತದೆ, ಏಕೆಂದರೆ ಇಲ್ಲಿ ತಾಯ್ತಂದೆಗಳ ಭಯಕ್ಕೆ ನಿಜವಾದ ಆಧಾರವಿದೆ. ಅರ್ಥಶಾಸ್ತ್ರಜ್ಞ ಫ್ರೆಡ್ ಹರ್ಷ್ 1976ರಲ್ಲಿ ‘ಸ್ಥಾನಾಧಾರಿತ ಸರಕು’ ಎಂಬ ಕಲ್ಪನೆಯನ್ನು ಮುಂದಿಟ್ಟರು. ಅಕ್ಕಿಯಂತಹ ಸರಕು ಎಲ್ಲರಿಗೂ ಸಿಕ್ಕಿದರೂ ಯಾರ ಹೊಟ್ಟೆಗೂ ಕಡಿಮೆಯಾಗದು, ಆದರೆ ರ್‍ಯಾಂಕಿನಂತಹ ಸರಕಿನ ಬೆಲೆ ಅದು ಇತರರಿಗೆ ಸಿಗದಿರುವುದರಲ್ಲೇ ಇರುತ್ತದೆ ಎಂಬುದು ಅದರ ಸಾರ. ಸಿಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆಗೆ 1994ರಲ್ಲಿ ರಾಜ್ಯ ಸರ್ಕಾರ ಪ್ರತ್ಯೇಕ ಘಟಕವನ್ನು ತೆರೆದಾಗ ಅದರ ಹಿಂದಿದ್ದ ಉದ್ದೇಶ ಒಳ್ಳೆಯದೇ. ಡೊನೇಷನ್ ಕೊಡಲಾರದ ಮಗುವೂ ತನ್ನ ಅರ್ಹತೆಯಿಂದ ಎಂಜಿನಿಯರಿಂಗ್, ವೈದ್ಯಕೀಯ ಸೀಟು ಪಡೆಯುವಂತಾಯಿತು. ಆದರೆ ರ್‍ಯಾಂಕು ಎಲ್ಲರಿಗೂ ಗುರಿಯಾದಾಗ ಒಂದು ಮನೆ ಟ್ಯೂಷನ್ ಹಾಕಿದ ಕೂಡಲೇ ಪಕ್ಕದ ಮನೆಯೂ ಹಾಕಲೇಬೇಕಾಗುತ್ತದೆ. ಇಬ್ಬರೂ ಹಾಕಿದ ಮೇಲೆ ಇಬ್ಬರ ಮಕ್ಕಳೂ ಮೊದಲಿದ್ದಲ್ಲೇ ಉಳಿಯುತ್ತಾರೆ, ಹಣ ಮತ್ತು ಸಂಜೆಯ ಆಟ ಮಾತ್ರ ಎರಡು ಮನೆಗಳಲ್ಲೂ ಕಳೆದುಹೋಗುತ್ತವೆ. ಪಿಯುಸಿಯ ಜೊತೆ ಕೋಚಿಂಗನ್ನು ಸೇರಿಸಿ ಮಾರುವ ಇಂಟಿಗ್ರೇಟೆಡ್ ಕಾಲೇಜುಗಳು, ಎಂಟನೆಯ ತರಗತಿಯಿಂದ, ಕೆಲವು ಕಡೆ ಆರನೆಯ ತರಗತಿಯಿಂದಲೇ ಆರಂಭವಾಗುವ ‘ಫೌಂಡೇಶನ್’ ತರಗತಿಗಳು, ಅದಕ್ಕೂ ಮೊದಲು ಅಬ್ಯಾಕಸ್, ಕೋಡಿಂಗ್, ಒಲಿಂಪಿಯಾಡ್ ಹೀಗೆ ಈ ಸರಪಳಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಬಂದು ಕೊನೆಗೆ ಬಾಲವಾಡಿಯ ಬಾಗಿಲಿಗೆ ಮುಟ್ಟಿದೆ. ‘ಎಲ್ಲರೂ ಸೇರಿಸಿದ್ದಾರೆ, ನಾವು ಸೇರಿಸದಿದ್ದರೆ ನಾಳೆ ಮಗು ನಮ್ಮನ್ನೇ ಕೇಳೋದಿಲ್ಲವೇ’ ಎಂದು ತಾಯಿಯೊಬ್ಬಳು ಹೇಳಿದರೆ ಆಕೆಯನ್ನು ಅವಿವೇಕಿಯೆನ್ನುವುದು ಅನ್ಯಾಯ. ಒಬ್ಬೊಬ್ಬರ ವಿವೇಕವೇ ಒಟ್ಟುಗೂಡಿ ಎಲ್ಲರ ಸಂಕಟವಾಗಿರುವ ಸನ್ನಿವೇಶ ಇದು.

ಬಾಲವಾಡಿಯ ಬಾಗಿಲಲ್ಲಿ ನೇತಾಡುವ ‘ಮಾಂಟೆಸರಿ’ ಫಲಕಗಳ ಬಗ್ಗೆ ಒಂದು ಮಾತು. ಮರಿಯ ಮಾಂಟೆಸರಿ 1907ರಲ್ಲಿ ರೋಮಿನ ಸಾನ್ ಲೊರೆಂಜೊ ಎಂಬ ಕೂಲಿಕಾರರ ಕೇರಿಯಲ್ಲಿ ತಮ್ಮ ಮೊದಲ ‘ಮಕ್ಕಳ ಮನೆ’ಯನ್ನು ತೆರೆದರು, ಎರಡನೆಯ ಮಹಾಯುದ್ಧದ ವರ್ಷಗಳನ್ನು ಅವರು ಭಾರತದಲ್ಲಿ ಕಳೆದು, ಮದರಾಸಿನ ಅಡ್ಯಾರಿನಲ್ಲಿ ಶಿಕ್ಷಕರಿಗೆ ತರಬೇತಿ ನೀಡಿದರು. ಬಡವರ ಮಕ್ಕಳು ತಮ್ಮ ಲಯದಲ್ಲಿ, ಆತುರವಿಲ್ಲದೆ ಕಲಿಯಲೆಂದು ಹುಟ್ಟಿದ ಈ ವಿಧಾನದ ಹೆಸರು ಯಾರೊಬ್ಬರ ಹಕ್ಕೂ ಅಲ್ಲದ ಕಾರಣ, ಮೂರು ವರ್ಷದ ಮಗುವಿಗೆ ಹೋಮ್‌ವರ್ಕ್ ಕೊಡುವ ಕಡೆಯೂ ಅದೇ ಹೆಸರು ಫೀಸಿನ ಮೊತ್ತವನ್ನು ಏರಿಸುವ ಬಿರುದಾಗಿ ಬಳಕೆಯಾಗುತ್ತಿದೆ. ವಿಜಯದಶಮಿಯಂದು ಶಂಕರಪುರದ ಶಂಕರಮಠದಲ್ಲಿಯೋ ಮನೆಯ ದೇವರ ಕೋಣೆಯಲ್ಲಿಯೋ ತಟ್ಟೆಯ ಅಕ್ಕಿಯಲ್ಲಿ ಮಗುವಿನ ಬೆರಳು ಹಿಡಿದು ಓಂಕಾರ ತೀಡಿಸುವ ಅಕ್ಷರಾಭ್ಯಾಸದಲ್ಲಿ ಮಗು ಪಾಸಾಗಬೇಕಾದ ಅಗತ್ಯವಿರಲಿಲ್ಲ. ಅದೇ ಮಗುವನ್ನು ಕೆಲವೇ ತಿಂಗಳಲ್ಲಿ ಎಲ್‌ಕೆಜಿ ಪ್ರವೇಶಕ್ಕೆ ಕರೆದೊಯ್ದಾಗ ಬಣ್ಣಗಳ ಹೆಸರನ್ನು ಇಂಗ್ಲಿಷಿನಲ್ಲಿ ಹೇಳಬೇಕಾಗುತ್ತದೆ, ಅಪ್ಪ ಅಮ್ಮಂದಿರು ತಮ್ಮ ಓದು, ಉದ್ಯೋಗಗಳ ವಿವರ ಒಪ್ಪಿಸಬೇಕಾಗುತ್ತದೆ, ಮತ್ತು ಅದಕ್ಕಾಗಿ ಮನೆಯ ಮಾತನ್ನೇ ಕನ್ನಡದಿಂದ ಇಂಗ್ಲಿಷಿಗೆ ಬದಲಿಸಿಕೊಂಡ ಕುಟುಂಬಗಳು ಈ ಬಡಾವಣೆಗಳಲ್ಲಿವೆ. ಪ್ರಾಥಮಿಕ ಹಂತದ ಕಲಿಕೆಯ ಮಾಧ್ಯಮವನ್ನು ಆರಿಸುವ ಹಕ್ಕು ಪಾಲಕರದೆಂದು ಸುಪ್ರೀಂ ಕೋರ್ಟು 2014ರ ಮೇ 6ರಂದು ಕರ್ನಾಟಕದ ಮೊಕದ್ದಮೆಯಲ್ಲೇ ತೀರ್ಪಿತ್ತಿತು. ಭಯದ ಒತ್ತಡದಲ್ಲಿ ಮಾಡುವ ಆಯ್ಕೆ ಎಷ್ಟರ ಮಟ್ಟಿಗೆ ಆಯ್ಕೆಯೆಂಬ ಪ್ರಶ್ನೆ ಮಾತ್ರ ಉಳಿದುಕೊಂಡಿದೆ.

ಆತುರ ಎಷ್ಟು ಬಲವಾದುದೆಂಬುದಕ್ಕೆ ವಯಸ್ಸಿನ ನಿಯಮದ ಪ್ರಸಂಗವೇ ಸಾಕ್ಷಿ. ಒಂದನೆಯ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು ಕರ್ನಾಟಕ ಸರ್ಕಾರ 2022ರಲ್ಲಿ ಆದೇಶಿಸಿತು. ಪಾಲಕರ ಒತ್ತಾಯದಿಂದ ಅದರ ಜಾರಿಯನ್ನು 2025–26ಕ್ಕೆ ಮುಂದೂಡಿತು. ಆ ವರ್ಷ ಬಂದಾಗ ಮತ್ತೆ ಮಣಿದು, ಯುಕೆಜಿ ಮುಗಿಸಿದ ಮಕ್ಕಳಿಗೆ ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿತು. ಕೆಲವು ತಿಂಗಳ ಬಾಲ್ಯ ಹೆಚ್ಚಾಗಿ ಸಿಗುವುದನ್ನು ಮಗುವಿಗೆ ಆಗುವ ನಷ್ಟವೆಂದು ಸಾವಿರಾರು ಮನೆಗಳು ಪ್ರಾಮಾಣಿಕವಾಗಿ ನಂಬಿದ್ದವು. ಚೀಲದ ಭಾರಕ್ಕೂ ಹೀಗೆಯೇ ಆದೇಶ ಬೇಕಾಯಿತು. 1 ಮತ್ತು 2ನೆಯ ತರಗತಿಯ ಮಕ್ಕಳ ಚೀಲ 2 ಕಿಲೋ ಮೀರಬಾರದು, ಅವರಿಗೆ ಹೋಮ್‌ವರ್ಕ್ ಕೊಡಬಾರದು ಎಂದು 2019ರಲ್ಲಿ ಸರ್ಕಾರ ಹೇಳಿತು.

ಈ ಭಯದ ವ್ಯಾಪಾರ ಕಂಪ್ಯೂಟರಿನ ಪರದೆಗೆ ಬಂದಾಗ ಅದರ ವೇಗ ಹೆಚ್ಚಿತು. ಕೊರೋನ ಕಾಲದಲ್ಲಿ, ಆರೇಳು ವರ್ಷದ ಮಕ್ಕಳಿಗೆ ಕೋಡಿಂಗ್ ಕಲಿಸದಿದ್ದರೆ ಅವರ ಭವಿಷ್ಯವೇ ಮುಗಿಯಿತೆಂಬಂತೆ ಹೆದರಿಸುವ ಜಾಹೀರಾತುಗಳು ದೂರದರ್ಶನದಲ್ಲೂ ಮೊಬೈಲಿನಲ್ಲೂ ತುಂಬಿಕೊಂಡವು. ಇಂತಹ ಶಿಕ್ಷಣ ವ್ಯಾಪಾರದಲ್ಲಿ ದೇಶದಲ್ಲೇ ಅತಿ ದೊಡ್ಡದೆನಿಸಿದ್ದ ಬೆಂಗಳೂರಿನ ಬೈಜೂಸ್ ಸಂಸ್ಥೆ 2024ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಸಂಸ್ಥೆ ಕುಸಿದರೂ ಭಯ ಕುಸಿಯಲಿಲ್ಲ. ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಮಗುವಿನ ಪದಕದ ಚಿತ್ರ ಬಂದ ರಾತ್ರಿ ಉಳಿದ ಮನೆಗಳಲ್ಲಿ ನಡೆಯುವ ಮಾತುಕತೆಯೇ ಅದನ್ನು ಜೀವಂತವಾಗಿಡಲು ಸಾಕು. ಈ ಮಾತುಕತೆಯ ಪೆಟ್ಟು ಹೆಚ್ಚಾಗಿ ಬೀಳುವುದು ತಾಯಿಯ ಮೇಲೆ. ಅಂಕ ಕಡಿಮೆಯಾದರೆ ಆಕೆ ಉದ್ಯೋಗಕ್ಕೆ ಹೋಗುವುದು ಕಾರಣವಾಗುತ್ತದೆ, ಉದ್ಯೋಗ ಬಿಟ್ಟಿದ್ದರೆ ಮನೆಯಲ್ಲಿದ್ದೂ ನೋಡಿಕೊಳ್ಳಲಿಲ್ಲವೆಂಬ ಮಾತು ಬರುತ್ತದೆ. 1930ರಷ್ಟು ಹಿಂದೆಯೇ ಮೈಸೂರು ಸಂಸ್ಥಾನ ಸರ್ಕಾರಿ ಜನನ ನಿಯಂತ್ರಣ ಕ್ಲಿನಿಕ್ಕುಗಳನ್ನು ತೆರೆದು ಹೆಣ್ಣಿನ ಹೆರಿಗೆಯ ಭಾರವನ್ನು ಇಳಿಸಲು ಹೊರಟಿತ್ತು, ಮತ್ತು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಫಲವತ್ತತೆಯ ದರ 1.7 ಆಗಿತ್ತು; ಆದರೆ ಹೆರಿಗೆಯ ಭಾರ ಇಳಿದ ಜಾಗಕ್ಕೆ ಒಂದೇ ಮಗುವನ್ನು ಎಲ್ಲ ರೀತಿಯಲ್ಲೂ ಗೆಲ್ಲಿಸಬೇಕಾದ ಭಾರ ಬಂದು ಕುಳಿತಿದೆ.

ನಿಷೇಧವೊಂದೇ ಇದಕ್ಕೆ ಮದ್ದಾಗದೆಂಬುದನ್ನು ಕೊರಿಯವೇ ತೋರಿಸಿಕೊಟ್ಟಿದೆ. ಅಲ್ಲಿನ ಸೈನಿಕ ಆಡಳಿತ 1980ರಲ್ಲಿ ಖಾಸಗಿ ಪಾಠವನ್ನು ನಿಷೇಧಿಸಿತು; 2000ದಲ್ಲಿ ಸಂವಿಧಾನ ನ್ಯಾಯಾಲಯ ಆ ನಿಷೇಧವನ್ನು ರದ್ದುಪಡಿಸಿತು; ಸಿಯೋಲ್ ನಗರ ರಾತ್ರಿ ಹತ್ತರ ನಂತರ ಪಾಠ ನಡೆಸಬಾರದೆಂದು ನಿಯಮ ಮಾಡಿತು; ಇಷ್ಟಾಗಿಯೂ ಕೆಲವೇ ವಿಶ್ವವಿದ್ಯಾಲಯ, ಕೆಲವೇ ಕಂಪನಿಗಳತ್ತ ಎಲ್ಲರೂ ನುಗ್ಗುವ ಏಣಿ ಬದಲಾಗದ ಕಾರಣ ವೆಚ್ಚ ಏರುತ್ತಲೇ ಹೋಯಿತು. 16 ವರ್ಷದೊಳಗಿನವರನ್ನು ಕೋಚಿಂಗಿಗೆ ಸೇರಿಸಿಕೊಳ್ಳಬಾರದೆಂದು ಭಾರತ ಸರ್ಕಾರ 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯ ಫಲವೂ ಇದರಿಂದ ಬೇರೆಯಾಗುವ ಲಕ್ಷಣವಿಲ್ಲ. ನಡೆದು ಹೋಗುವಷ್ಟು ಹತ್ತಿರದಲ್ಲಿ, ಯಾವ ಪರೀಕ್ಷೆಯೂ ಇಲ್ಲದೆ ಸೇರಿಸಿಕೊಳ್ಳುವ, ನಂಬಿ ಬಿಡಬಹುದಾದ ಸಾರ್ವಜನಿಕ ಶಾಲೆ ಇದ್ದಾಗ ಮಾತ್ರ ತಾಯ್ತಂದೆಗಳ ಭಯ ಇಳಿಯುತ್ತದೆ. ಚಾಮರಾಜಪೇಟೆಯ, ಮಲ್ಲೇಶ್ವರದ ಸರ್ಕಾರಿ ಶಾಲೆಗಳ ಅಂಗಳಗಳು ಇಂದಿಗೂ ಸುತ್ತಲಿನ ಎಷ್ಟೋ ಖಾಸಗಿ ಕಟ್ಟಡಗಳಿಗಿಂತ ವಿಶಾಲವಾಗಿವೆ.

ಕಾನೂನಿನಲ್ಲೂ ಒಂದು ಕಂದಕವಿದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 13ನೆಯ ಕಲಮು ಪ್ರವೇಶದ ವೇಳೆ ಮಗುವನ್ನಾಗಲೀ ಪಾಲಕರನ್ನಾಗಲೀ ಪರೀಕ್ಷಿಸುವುದನ್ನು ನಿಷೇಧಿಸಿ, ಮೊದಲ ಸಲದ ತಪ್ಪಿಗೆ 25,000 ರೂಪಾಯಿ, ನಂತರದ ಪ್ರತಿ ತಪ್ಪಿಗೆ 50,000 ರೂಪಾಯಿವರೆಗೆ ದಂಡ ವಿಧಿಸುತ್ತದೆ. ಆದರೆ ಕಾಯ್ದೆಯ ಪ್ರಕಾರ ‘ಮಗು’ ಎಂದರೆ 6ರಿಂದ 14 ವರ್ಷದವರು ಮಾತ್ರ, ಮತ್ತು ಈ ಕಾರಣದಿಂದಲೇ ದೆಹಲಿ ಹೈಕೋರ್ಟು 2013ರಲ್ಲಿ, ನರ್ಸರಿ ಪ್ರವೇಶಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲವೆಂದು ಹೇಳಬೇಕಾಯಿತು. ಭಯ ಹುಟ್ಟುವ ವಯಸ್ಸು ಮೂರು, ರಕ್ಷಣೆ ಆರಂಭವಾಗುವ ವಯಸ್ಸು ಆರು. ಆರು ವರ್ಷದವರೆಗಿನ ಎಲ್ಲ ಮಕ್ಕಳಿಗೆ ಪಾಲನೆ ಮತ್ತು ಶಿಕ್ಷಣ ಒದಗಿಸಲು ರಾಜ್ಯ ಪ್ರಯತ್ನಿಸತಕ್ಕದ್ದೆಂದು ಸಂವಿಧಾನದ 45ನೆಯ ಅನುಚ್ಛೇದ 2002ರ ತಿದ್ದುಪಡಿಯ ನಂತರ ಹೇಳುತ್ತಿದೆ. ಅದನ್ನು ಹಕ್ಕಾಗಿ ಮಾರ್ಪಡಿಸಿ ಮೂರರಿಂದ ಆರು ವರ್ಷದ ಮಕ್ಕಳನ್ನೂ ಕಾಯ್ದೆಯೊಳಗೆ ತರಬೇಕೆಂದು ತಮ್ಮ ಶಾಸಕರನ್ನೂ ಸಂಸದರನ್ನೂ ಕೇಳುವ ಕೆಲಸವನ್ನು, ಮುಂದಿನ ಪ್ರವೇಶದ ಋತು ಬರುವ ಮೊದಲೇ, ಈ ಬಡಾವಣೆಗಳ ತಾಯ್ತಂದೆಗಳು ಒಟ್ಟಾಗಿ ಕೈಗೊಳ್ಳಬೇಕಾಗಿದೆ.